ಆ ಚೆಂಡನ್ನು ಎತ್ತಿಟ್ಟವಳು ನಾನು

ಸದಾನಂದರೇ, ಆ ಚೆಂಡನ್ನು ಬಳ್ಳಿಯೊಳಗಿಂದ ಎತ್ತಿ ಹುಲ್ಲಿನ ಮೇಲೆ ಇಟ್ಟವಳು ನಾನು. ನೀವು ಅದನ್ನು ಕಾಲಿನಿಂದ ತಳ್ಳಲಿಲ್ಲ, ಕೈಯಿಂದ ಮುಟ್ಟಲೂ ಇಲ್ಲ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತಿದ್ದೇನೆ — ನಿಧಾನವಾಗಿ ಶುರುಮಾಡಿದರೆ ಚಳಿಯ ಬಗ್ಗೆ, ಮಕ್ಕಳ ಶಾಲೆಯ ಬಗ್ಗೆ ಎರಡು ಪುಟ ಬರೆದು, ಎಲ್ಲರೂ ಕ್ಷೇಮವೆಂದು ಮುಗಿಸಿಬಿಡುತ್ತೇನೆ. ಹಾಗೆ ಮುಗಿಸಿದ ಎರಡು ಪತ್ರಗಳನ್ನು ಈಗಾಗಲೇ ಹರಿದು ಹಾಕಿದ್ದೇನೆ.

ನಿಮಗೆ ಗೊತ್ತಿರುವುದನ್ನೂ ಇಲ್ಲಿ ಹೇಳುತ್ತೇನೆ. ಕ್ರಮವಾಗಿ ಹೇಳದಿದ್ದರೆ ಎಲ್ಲೋ ಒಂದು ಕಡೆ ಜಾರಿಕೊಳ್ಳುತ್ತೇನೆ ಎಂಬ ಭಯ.

ನೀವು, ನನ್ನ ಗಂಡ ದಿವಾಕರ, ಹಾಸನದ ಗೌಡರು, ಪೈ — ಊರಿನಲ್ಲಿ ಒಂದೇ ಕಾಲೇಜು, ಒಂದೇ ಹಾಸ್ಟೆಲ್ಲು. ಊರು ಬಿಟ್ಟು ಈ ದೇಶಕ್ಕೆ ಬಂದು ಗಾಲ್ಫ್ ಕಲಿತದ್ದೂ ಒಟ್ಟಿಗೆ. ಪ್ರತಿವರ್ಷ ಮೇ ತಿಂಗಳ ಕೊನೆಯ ಉದ್ದ ವೀಕೆಂಡಿಗೆ ಹೇವರ್ಡಿನ ನಮ್ಮ ಮನೆಯಿಂದ ಕಾರುಗಳು ಹೊರಟು, ಸಮುದ್ರದಂಚಿನ ಆ ಹಳೆಯ ಮೋಟೆಲಿನಲ್ಲಿ ಮೂರು ದಿನ. ಗಂಡಸರು ಆಡುವುದು, ನಾವು ಹೆಂಗಸರು ಮಕ್ಕಳನ್ನು ನೋಡಿಕೊಂಡು ಕರೆಂಟಿನ ಒಲೆಯಲ್ಲಿ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುವುದು. ಗೆದ್ದವರ ಮನೆಯಲ್ಲಿ ಒಂದು ವರ್ಷ ಇರಲೆಂದು ಪೈ ಉಡುಪಿಯಿಂದ ಒಂದು ಹಿತ್ತಾಳೆ ಚೊಂಬು ತಂದಿದ್ದರು.

ಸಂಜೆ ಇಸ್ಪೀಟಿಗೆ ಕೂತರೆ ನಾಲ್ವರೂ ನಗುನಗುತ್ತ ಮೋಸ ಮಾಡುತ್ತಿದ್ದಿರಿ. ಎಲೆ ತೊಡೆಯ ಕೆಳಗೆ ಹೋಗುತ್ತಿತ್ತು, ಶರ್ಟಿನ ತೋಳಿನೊಳಗೆ ಹೋಗುತ್ತಿತ್ತು. ಆದರೆ ಗಾಲ್ಫಿನಲ್ಲಿ ಇಲ್ಲ. ಚೆಂಡು ಎಲ್ಲಿ ಬಿತ್ತೋ ಅಲ್ಲಿಂದಲೇ ಹೊಡೆಯಬೇಕು, ಯಾರೂ ನೋಡುತ್ತಿಲ್ಲದಿದ್ದರೂ. ಅದೊಂದು ವಿಷಯದಲ್ಲಿ ನಿಮಗೆ ಯಾರಿಗೂ ತಮಾಷೆ ಇರಲಿಲ್ಲ. ಆಗ ಅದು ನನಗೆ ಅರ್ಥವಾಗಿರಲಿಲ್ಲ — ಅಥವಾ, ಅರ್ಥ ಮಾಡಿಕೊಳ್ಳುವ ಆಸಕ್ತಿ ಇರಲಿಲ್ಲ.

ಆ ವರ್ಷ, ಎಂಬತ್ತೆರಡರಲ್ಲಿ, ಸ್ಕೋರು ಬರೆಯಲು ನಾನೂ ಬರುತ್ತೇನೆ ಎಂದು ಹಟ ಮಾಡಿದೆ. ಮೋಟೆಲಿನ ಕೋಣೆಯಲ್ಲಿ ಕೂತು ಕೂತು ಬೇಸರವಾಗಿತ್ತು. ದಿವಾಕರರಿಗೆ ಅಷ್ಟು ಇಷ್ಟವಿರಲಿಲ್ಲ.

"ಬರ್ಲಿ ಬಿಡೋ ದಿವಾ," ಎಂದರು ಗೌಡರು. "ನಿನ್ ಅಕ್ಷರ ನಿಂಗೇ ಓದಕ್ಕಾಗಲ್ಲ."

"ಕಾನ್ವೆಂಟಿನ ಅಕ್ಷರ ಮಾರಾಯ," ಎಂದರು ಪೈ. "ಅತ್ತಿಗೆ ಬರೆದ್ರೆ ನಮ್ಮ ಸೋಲು ಕೂಡ ಚಂದ ಕಾಣ್ತದೆ."

ದಿವಾಕರ ಎರಡು ಷರತ್ತು ಹಾಕಿದರು. "ನಡುವಲ್ಲಿ ಮಾತಾಡ್ಲಿಕ್ಕಿಲ್ಲ. ಎಂತದನ್ನೂ ಮುಟ್ಲಿಕ್ಕಿಲ್ಲ."

ಹದಿನೆಂಟು ಗುಂಡಿಗಳ ಆಟದಲ್ಲಿ ಹದಿನೇಳನೆಯದರವರೆಗೂ ಎರಡನ್ನೂ ಪಾಲಿಸಿದೆ. ನೀವು ದಿವಾಕರರಿಗಿಂತ ಒಂದೇ ಒಂದು ಹೊಡೆತ ಮುಂದಿದ್ದಿರಿ. ಬರೆದವಳು ನಾನಾದ್ದರಿಂದ ಅದು ಚೆನ್ನಾಗಿ ನೆನಪಿದೆ. ನಿಮ್ಮ ಚೆಂಡು ಸಮುದ್ರದ ಕಡೆಗೆ ಹೋಯಿತು. ಪೈಯವರದು ಆಚೆ ಕಡೆ ಮರಗಳೊಳಗೆ ಹೋಯಿತು. ನೀವು ನಾಲ್ವರೂ ಮೊದಲು ಅದನ್ನು ಹುಡುಕಲು ಹೋದಿರಿ. ನಾನು ಕಾಫಿಯ ಫ್ಲಾಸ್ಕು ಹಿಡಿದುಕೊಂಡು ಮುಂದೆ ನಡೆದೆ. ಅಲ್ಲಿ ಮರಳು ಹಿಡಿದುಕೊಂಡು ಹಬ್ಬುವ ಒಂದು ಬಳ್ಳಿ — ಬೆರಳಿನಷ್ಟು ದಪ್ಪದ, ನೀರು ತುಂಬಿದ ಎಲೆಗಳು, ತುದಿಯಲ್ಲಿ ಕೆಂಪು. ಅದರೊಳಗೆ ಕೆಸರಿನಲ್ಲಿ ಚೆಂಡು ಕೂತಿತ್ತು. ಹಸಿರು ಪೆನ್ನಿನಲ್ಲಿ ನೀವು ಬರೆದ 'ಸ' ಅರ್ಧ ಕಾಣುತ್ತಿತ್ತು.

ಬಗ್ಗಿ ಎತ್ತಿದೆ. ಸ್ವೆಟರಿನ ತೋಳಿಗೆ ಒರೆಸಿದೆ. ನಾಲ್ಕು ಹೆಜ್ಜೆ ಆಚೆ, ಚೆನ್ನಾಗಿ ಕಾಣುವಂತೆ, ಹುಲ್ಲಿನ ಮೇಲೆ ಇಟ್ಟೆ. ಮನೆಯಲ್ಲಿ ದಿನಕ್ಕೆ ಇಪ್ಪತ್ತು ಸಲ ಮಾಡುವ ಕೆಲಸ — ಸೋಫಾದ ಕೆಳಗಿನ ಕ್ರೇಯಾನು, ಮೆಟ್ಟಿಲ ಮೇಲಿನ ಕಾಲುಚೀಲ. ಇದೂ ಹಾಗೆಯೇ. ನಿಮಗೆ ಹುಡುಕುವ ಕಷ್ಟ ಬೇಡವೆಂದು, ಅಷ್ಟೇ. ಇಲ್ಲಿಯವರೆಗೆ ನನ್ನದು ತಪ್ಪು ಮಾತ್ರ. ಅನ್ಯಾಯ ಇನ್ನೂ ಆಗಿರಲಿಲ್ಲ.

ನೀವು ಬಂದಿರಿ. ಚೆಂಡು ಕಂಡು "ಬಚಾವು!" ಎಂದು ನಕ್ಕು, ಹೊಡೆದಿರಿ. ಹೊಡೆತ ಚೆನ್ನಾಗಿತ್ತು. ಕೊನೆಯ ಗುಂಡಿ ಮುಗಿದು, ಕಾರ್ಡಿನಲ್ಲಿ ನಿಮ್ಮ ಹೆಸರಿನ ಕೆಳಗೆ ನಾನು ಗೆರೆ ಎಳೆಯುತ್ತಿದ್ದಾಗ ದಿವಾಕರ ಮಾತು ತೆಗೆದರು.

"ಹದಿನೇಳರಲ್ಲಿ ಅದು ಬಳ್ಳಿಯ ಒಳಗೇ ಹೋದದ್ದು. ನಾನು ನೋಡಿದ್ದೇನೆ. ಹೊರಗೆ ಹ್ಯಾಗೆ ಬಂತು?"

"ಪುಟಿದು ಬಂದಿರ್ಬೇಕು ಮಾರಾಯ," ಎಂದಿರಿ ನೀವು.

"ಬೇರೆ ಚೆಂಡೆಲ್ಲ ಕೆಸರು. ನಿಂದು ಮಾತ್ರ ಅಂಗಡಿಯಿಂದ ತಂದ ಹಾಗೆ ಇತ್ತು."

"ಕಾಲಿಗೂ ಒಂದು ಗಾಲ್ಫ್ ಕೋಲು ಕಟ್ಟಿಕೊಂಡಿದ್ದೀಯಾ ಹ್ಯಾಗೆ?" ಎಂದರು ಪೈ. ಎಲ್ಲರೂ ನಕ್ಕರು, ನೀವೂ ನಕ್ಕಿರಿ. ಆಮೇಲೆ ದಿವಾಕರ ನಗುತ್ತಿಲ್ಲವೆಂದು ನಿಮಗೆ ಕಂಡಿತು.

ನೀವು ನನ್ನ ಕಡೆ ತಿರುಗಿದಿರಿ. ನಿಮ್ಮ ಮುಖದಲ್ಲಿ ಗಾಬರಿ ಇರಲಿಲ್ಲ. ಈಗ ಎರಡು ಮಾತಿನಲ್ಲಿ ಇದು ಮುಗಿಯುತ್ತದೆ ಎಂಬ ನಿರಾಳವಿತ್ತು — ಅದು ನನಗೆ...

"ಅತ್ತಿಗೆ, ನೀವು ಅಲ್ಲೇ ಇದ್ರಿ ಅಲ್ವಾ. ನೀವೇ ಹೇಳಿ. ನಾನು ಮುಟ್ಟಿದೆನಾ?"

ನಾನು ಹೇಳಿದೆ: "ನಾನು ನೋಡ್ಲಿಲ್ಲ."

ಹೇಳುತ್ತಲೇ ಕೆಸರು ಹತ್ತಿದ ಸ್ವೆಟರಿನ ತೋಳನ್ನು ಒಂದು ಸುತ್ತು ಮಡಿಸಿಕೊಂಡೆ. ಇದನ್ನು ಬರೆಯಲೇಬೇಕು, ಯಾಕೆಂದರೆ ಬಾಯಿ ತಪ್ಪಿ ಬಂದ ಮಾತು ಅಂತ ನಾನು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಬಾಯಿ ತಪ್ಪಿದವಳು ತೋಳು ಮಡಿಸುವುದಿಲ್ಲ.

ಗಂಡನಿಗೆ ಹೆದರಿದೆ ಎಂದು ಬರೆದರೆ ಓದುವುದಕ್ಕೆ ಸರಿಯಾಗಿರುತ್ತದೆ. ಆದರೆ ನಿಜ ಹೇಳಿದ್ದರೂ ದಿವಾಕರ ಬೈಯುತ್ತಿರಲಿಲ್ಲ. ನಗುತ್ತಿದ್ದರು. "ಮುಟ್ಬೇಡ ಅಂತ ಹೇಳಿರ್ಲಿಲ್ವಾ" ಎಂದು ನಿಮ್ಮ ಮೂವರ ಎದುರು ನಗುತ್ತಿದ್ದರು. ಆ ಒಂದು ನಗು ಬೇಡವಾಗಿತ್ತು ನನಗೆ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣವನ್ನು ಏಳು ವರ್ಷ ಹುಡುಕಿದ್ದೇನೆ. ಇಲ್ಲ.

ನೀವು ನನ್ನನ್ನು ಸ್ವಲ್ಪ ಹೊತ್ತು ನೋಡಿದಿರಿ. ಆಮೇಲೆ "ಚೊಂಬು ನೀನೇ ಇಟ್ಕೋ ದಿವಾ" ಎಂದು ಹೊರಟುಹೋದಿರಿ. ಮಧ್ಯಾಹ್ನವೇ ನಿಮ್ಮ ಹೆಂಡತಿ ವಿಮಲಾ ಸೂಟ್‌ಕೇಸು ಕಟ್ಟಿದಳು. ಮರುದಿನಕ್ಕೆಂದು ಅವಳು ರುಬ್ಬಿ ತಂದಿದ್ದ ನೀರುದೋಸೆಯ ಹಿಟ್ಟು ಮೋಟೆಲಿನ ಫ್ರಿಜ್ಜಿನಲ್ಲೇ ಉಳಿಯಿತು. ಬೆಳಿಗ್ಗೆ ನಾನೇ ಅದನ್ನು ಹೊಯ್ದು ಎಲ್ಲರಿಗೂ ಬಡಿಸಿದೆ. ತಿಂದೆವು.

ನೀವಿಲ್ಲದ ಪ್ರವಾಸಗಳು ಮುಂದುವರಿದವು, ಒಬ್ಬ ಸಹೋದ್ಯೋಗಿಯನ್ನು ಸೇರಿಸಿಕೊಂಡು. ಆದರೆ ನಾನು ಹೇಳಬೇಕಾದದ್ದು ಮುಂದಿನ ಯುಗಾದಿಯ ಬಗ್ಗೆ. ಗೌಡರ ಬೆರ್ರಿಯೆಸಾದ ಮನೆಯಲ್ಲಿ ಮೂವತ್ತು ಜನ ಸೇರಿದ್ದೆವು. ನೀವು ವಿಮಲಾಗಾಗಿ ಬಂದಿದ್ದಿರಿ ಎಂದು ಕಾಣುತ್ತದೆ. ಒಬ್ಬಟ್ಟಿನ ತಟ್ಟೆ ನೆಲದ ಮೇಲಿತ್ತು. ಪೈ ಕೂಗಿದರು: "ತಟ್ಟೆ ಎತ್ತಿ ಮಾರಾಯ್ರೇ, ಸದಾನಂದ ಬಂದ! ಅವನ ಕಾಲು ತಾಗಿದ್ರೆ ಒಬ್ಬಟ್ಟು ಓಕ್ಲ್ಯಾಂಡಿಗೆ ಹೋಗ್ತದೆ!" ಕಥೆ ಗೊತ್ತಿದ್ದವರೆಲ್ಲ ನಕ್ಕರು. ಗೊತ್ತಿಲ್ಲದವರಿಗೆ ಪಕ್ಕದವರು ವಿವರಿಸಿದರು. ನಿಮ್ಮ ರಶ್ಮಿಗೆ ಆಗ ಹತ್ತು ವರ್ಷವಿರಬಹುದು; ನನ್ನ ಪಕ್ಕದಲ್ಲೇ ನಿಂತಿದ್ದಳು. ಕನ್ನಡ ಮಾತಾಡದಿದ್ದರೂ ಎಲ್ಲ ತಿಳಿಯುತ್ತಿತ್ತು ಅವಳಿಗೆ. ಅವಳು ನಿಮ್ಮ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ ಕೇಳಿದಳು: ಅಪ್ಪಾ, ನೀನು ನಿಜವಾಗಿಯೂ ಚೀಟ್ ಮಾಡಿದೆಯಾ?

ನೀವು ಇಲ್ಲ ಎಂದಿರಿ. ಅವಳು ನಂಬಿದಳೋ ಇಲ್ಲವೋ — ನನಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ನಾನು ಕೋಸಂಬರಿಗೆ ಚಮಚ ಹುಡುಕಲು ಒಳಗೆ ಹೋದೆ.

ಇನ್ನು, ಈಗ ಯಾಕೆ ಬರೆಯುತ್ತಿದ್ದೇನೆ ಎಂಬುದು. ಈ ಅಕ್ಟೋಬರಿನ ಭೂಕಂಪದ ಸಂಜೆ ನಮ್ಮ ಮನೆಯಲ್ಲಿ ನಾಲ್ಕು ಗಾಜಿನ ಲೋಟ ಒಡೆದವು, ಬೇರೇನೂ ಆಗಲಿಲ್ಲ. ಓಕ್ಲ್ಯಾಂಡಿನಲ್ಲಿ ಫ್ರೀವೇಯ ಮೇಲುರಸ್ತೆ ಕುಸಿದದ್ದನ್ನು ರೇಡಿಯೋದಲ್ಲಿ ಹೇಳಿದಾಗ ದಿವಾಕರ ಎದ್ದು ನಿಂತರು. "ಸದಾನಂದ ಆಸ್ಪತ್ರೆಯ ಡ್ಯೂಟಿ ಮುಗಿಸಿ ಮನೆಗೆ ಹೋಗುವುದು ಅದರಲ್ಲೇ" ಎಂದರು. ಏಳು ವರ್ಷ ತಿರುಗಿಸದ ನಂಬರು, ಪುಸ್ತಕ ನೋಡದೆ ತಿರುಗಿಸಿದರು. ಲೈನು ಸಿಗಲಿಲ್ಲ. ಮತ್ತೆ ಮತ್ತೆ ತಿರುಗಿಸಿದರು.

ಆಗ ಗಾಜು ಗುಡಿಸುತ್ತಿದ್ದ ನನಗೆ ಒಂದು ಯೋಚನೆ ಬಂತು: ಸದಾನಂದರು ಹೋಗಿಬಿಟ್ಟಿದ್ದರೆ ಇನ್ನು ಹೇಳುವ ಅಗತ್ಯವಿಲ್ಲ.

ಬಂದದ್ದು ಹೀಗೆಯೇ, ಪೂರ್ತಿ ವಾಕ್ಯವಾಗಿ. ನಾನು ಮೆಲುಮಾತಿನವಳು, ಯಾರ ಗೊಡವೆಗೂ ಹೋಗದವಳು ಎಂದು ಎಲ್ಲರೂ ಹೇಳುತ್ತಾರೆ. ನಾನೂ ನಂಬಿದ್ದೆ.

ನೀವು ಅಂದು ಬೇಗ ಮನೆಗೆ ಹೋಗಿದ್ದಿರೆಂದು ಮರುದಿನ ಗೌಡರಿಂದ ತಿಳಿಯಿತು. ಆ ವಾರವೇ ದಿವಾಕರರಿಗೆ ಎಲ್ಲ ಹೇಳಿದೆ. ಅವರು ಪೇಪರು ಮಡಿಸಿಟ್ಟರು.

"ಅವತ್ತೇ ಹೇಳಿದ್ರೆ ಎಂತ ಆಗ್ತಿತ್ತು? ನಾನು ನಗ್ತಿದ್ದೆ. ಅಷ್ಟೇ ಅಲ್ವಾ?"

"ಹೌದು," ಎಂದೆ.

ಗೌಡರಿಗೂ ಪೈಗೂ ಅವರು ಫೋನು ಮಾಡುತ್ತೇನೆಂದರು. ಬೇಡ, ನಾನೇ ಮಾಡುತ್ತೇನೆ ಎಂದು ನಾನೇ ಮಾಡಿದೆ. ಪೈ "ಒಬ್ಬಟ್ಟಿನ ಮಾತು ನಾನು ಆಡಬಾರದಿತ್ತು" ಎಂದರು. ಅವರಿಂದ ಆ ಮಾತು ಆಡಿಸಿದವಳೂ ನಾನೇ ಎಂದು ಹೇಳಿದೆ. ಯುಗಾದಿಗೆ ಸೇರಿದ್ದ ಮನೆಗಳ ಪಟ್ಟಿ ಮಾಡಿಕೊಂಡಿದ್ದೇನೆ. ಒಂದೊಂದಾಗಿ ಫೋನು ಮಾಡುತ್ತಿದ್ದೇನೆ. ಕೆಲವರಿಗೆ ಅದು ಮರೆತೇಹೋಗಿದೆ; ಅವರಿಗೂ ನೆನಪಿಸಿಯೇ ಹೇಳುತ್ತೇನೆ.

ದಿವಾಕರ ನಿಮ್ಮನ್ನು ನೋಡಲು ಬರುತ್ತಾರಂತೆ. ಬಾಗಿಲು ತೆಗೆಯುವುದು, ಬಿಡುವುದು ನಿಮಗೆ ಬಿಟ್ಟದ್ದು. ನಾನು ಬರುವುದಿಲ್ಲ. ನೀವು ಇದಕ್ಕೆ ಉತ್ತರ ಬರೆಯಬೇಕೆಂದೂ ಇಲ್ಲ.

ರಶ್ಮಿಗೆ ಈಗ ಹದಿನಾರೋ ಹದಿನೇಳೋ. ಈ ಲಿಪಿ ಅವಳಿಗೆ ಓದಲು ಬಾರದು. ಅದಕ್ಕೆ ಅವಳ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಇನ್ನೊಂದು ಕಾಗದ ಬರೆದು ಇದರ ಜೊತೆ ಇಟ್ಟಿದ್ದೇನೆ. ಲಕೋಟೆ ಅಂಟಿಸಿಲ್ಲ, ಮೊದಲು ನೀವು ನೋಡಿ. ನಿನ್ನ ತಂದೆ ಚೆಂಡು ಮುಟ್ಟಲಿಲ್ಲ, ಮುಟ್ಟಿದವಳು ನಾನು, ಕೇಳಿದಾಗ ಸುಳ್ಳು ಹೇಳಿದೆ. ಅಷ್ಟು ಬರೆದು ಮುಂದೇನು ಎಂದು ಪೆನ್ನು ಹಿಡಿದು ಕೂತೆ. ಮುಂದೇನೂ ಇರಲಿಲ್ಲ.