ಎಮ್ಮೆ ತಿಂದ ಬಾಕ್ಸಿಂಗ್ ಚೀಲ

ಕಳೆದ ಭಾನುವಾರ ಕಮಲಾಪುರದಿಂದ ಕಲಬುರಗಿಗೆ ಸ್ಕೂಟರಿನಲ್ಲಿ ವಾಪಸು ಬರುತ್ತಿದ್ದೆ. ಮಹಾಗಾಂವ ದಾಟಿದ ಮೇಲೆ ತೊಗರಿ ಹೊಟ್ಟು ತುಂಬಿದ ಟ್ರ್ಯಾಕ್ಟರೊಂದು ಮುಂದೆ ಸಿಕ್ಕಿತು. ಹಳೆಯ ಸೀರೆಗಳನ್ನು ಜೋಡಿಸಿ ಹೊಲಿದ ಹೊದಿಕೆ ಬಿಗಿದಿದ್ದರೂ ಹೊಟ್ಟು ಹಾರಿ ಬಂದು ಮುಖಕ್ಕೆ ಬಡಿಯುತ್ತಿತ್ತು. ರಾಶಿಯ ದಿನಗಳಲ್ಲಿ ನೀವು ಆ ದಾರಿಯಲ್ಲಿ ಓಡಾಡಿದ್ದರೆ ಆ ವಾಸನೆ ನಿಮಗೂ ಗೊತ್ತು. ಒಣಗಿದ್ದು, ಸ್ವಲ್ಪ ಸಿಹಿ, ಮೂಗಿನೊಳಗೆ ತುರಿಕೆ ಎಬ್ಬಿಸುವಂಥದ್ದು. ಉಳಿದವರಿಗೆ ಅದು ದನದ ಮೇವು. ನನಗೆ ಮಾತ್ರ ಆ ವಾಸನೆ ಬಂದ ಕೂಡಲೇ ಕೈ ಮುಷ್ಟಿಯಾಗುತ್ತದೆ. ಅವತ್ತೂ ಆಯಿತು. ಮುಷ್ಟಿಯೊಳಗೆ ಬ್ರೇಕಿತ್ತು. ಸ್ಕೂಟರು ಗಕ್ಕನೆ ನಿಂತಿತು, ಹಿಂದೆ ಬರುತ್ತಿದ್ದವನು ನನ್ನ ಮನೆತನವನ್ನೆಲ್ಲ ನೆನೆದು ಮುಂದೆ ಹೋದ.

ಮುಷ್ಟಿ ಬಿಗಿಯಲು ಇನ್ನೊಂದು ಕಾರಣವೂ ಇತ್ತೆನ್ನಿ. ಕಲಬುರಗಿಯ ಅಂಚಿನ ಕಪನೂರದ ಒಂದು ಶೆಡ್ಡಿನಲ್ಲಿ ಸಂಜೆ ಹೊತ್ತು ನಾನು ಹೆಣ್ಣುಮಕ್ಕಳಿಗೆ ಬಾಕ್ಸಿಂಗ್ ಕಲಿಸುತ್ತೇನೆ. ಶೆಡ್ಡು ಪಕ್ಕದ ದಾಲ್‌ಮಿಲ್ಲಿನ ಮಾಲೀಕ ಬಸವರಾಜರದ್ದು. ಕೆಟ್ಟವರಲ್ಲ. ಹಿಂದಿನ ದಿನ ಚಹಾ ಕುಡಿಸಿಯೇ ಮಾತು ತೆಗೆದಿದ್ದರು.

"ಮೇಡಂ, ಬಾಕ್ಸಿಂಗ್ ಸಾಕ್ ಮಾಡ್ರಿ. ಎಂಎಂಎ ಶುರು ಮಾಡೋಣ. ಜಗತ್ತೆಲ್ಲಾ ಈಗ ಅದನ್ನೇ ನೋಡ್ಲಾಕತ್ತದ. ನಿಮಗ ಆಗಂಗಿಲ್ಲ ಅಂದ್ರ ಬ್ಯಾರೆ ಮಾಸ್ತರನ್ನ ಕರಸ್ತೀನಿ. ಸೋಮವಾರ ಹೇಳಿಬಿಡ್ರಿ."

ಎಂಎಂಎ ಅಂದರೆ ಗೊತ್ತಲ್ಲ, ಮಿಕ್ಸೆಡ್ ಮಾರ್ಷಲ್ ಆರ್ಟ್ಸ್. ಗುದ್ದು, ಒದೆ, ಕುಸ್ತಿಯ ಪಟ್ಟು, ಎಲ್ಲವನ್ನೂ ಒಂದು ಪಂಜರದೊಳಗೆ ಹಾಕಿ ಕಲಸಿದ ಆಟ. ನಾನು ಅಲ್ಲೇ ಜಗಳಕ್ಕೆ ನಿಂತೆ. ಬಾಕ್ಸಿಂಗ್ ಒಲಿಂಪಿಕ್ಸ್‌ನಲ್ಲಿದೆ, ನಿಮ್ಮದು ಇದೆಯಾ ಅಂದೆ. ಯಾವ ಖಂಡಕ್ಕೆ ಹೋದರೂ ಬಡವರ ಓಣಿಯಲ್ಲಿ ಗುದ್ದುವ ಚೀಲವೊಂದು ತೂಗಾಡುತ್ತಿರುತ್ತದೆ ಅಂದೆ. ನಾನೇನು ಖಂಡ ಸುತ್ತಿದವಳಲ್ಲ, ಸೊಲ್ಲಾಪುರದಾಚೆ ಹೋದದ್ದೇ ಅಪರೂಪ, ಆದರೂ ಅಂದೆ. ಬಸವರಾಜರು ಫೋನು ತೆಗೆದರು. ಬೆರಳು ಸರಿಸಿದಷ್ಟೂ ಪಂಜರ. "ನೋಡ್ರಿ, ಇದು ಜಗತ್ತು!" ನಾನೂ ನನ್ನ ಫೋನು ತೆಗೆದೆ. ಬೆರಳು ಸರಿಸಿದಷ್ಟೂ ಬಾಕ್ಸಿಂಗ್, ನಡುವೆ ಒಂದು ಮಾವಿನ ಉಪ್ಪಿನಕಾಯಿ. "ನಂದೂ ಜಗತ್ತೇ ಅದರೀ" ಅಂದೆ. ನಾವು ಒಮ್ಮೆ ಕಣ್ಣು ಹಾಯಿಸಿದ್ದನ್ನೇ ಮತ್ತೆ ಮತ್ತೆ ಉಣಬಡಿಸುವ ಫೋನು ಹಿಡಿದು ಇಬ್ಬರೂ ಭೂಮಂಡಲ ಅಳೆಯಲು ಹೊರಟಿದ್ದೆವು.

ಆದರೂ ನಿಮ್ಮ ಹತ್ತಿರ ಸುಳ್ಳೇಕೆ? ನನ್ನ ಹುಡುಗಿಯರು ಬಿಡುವಿನಲ್ಲಿ ಕೂತು ನೋಡುವುದೂ ಪಂಜರದ ಆಟವನ್ನೇ. ಬಾಕ್ಸಿಂಗಿನ ದೊಡ್ಡ ಪಂದ್ಯ ಬಂದರೆ ಲೋಕವೆಲ್ಲ ಟಿವಿ ಮುಂದೆ ಕೂರುವುದು ನಿಜ, ಆದರೆ ಅದು ಬರುವುದು ಯಾವಾಗಲೋ ಒಮ್ಮೆ. ಎಂಎಂಎ ವಾರ ವಾರ ಬರುತ್ತದೆ. ಒಂದು ಹಬ್ಬ, ಇನ್ನೊಂದು ಸಂತೆ. ಹಬ್ಬದ ಹೆಸರು ದೊಡ್ಡದು, ಜನ ಮುಗಿಬೀಳುವುದು ಸಂತೆಗೇ.

ನನ್ನ ಮಾಮ, ಅವ್ವನ ಅಣ್ಣ, ಬದುಕಿದ್ದರೆ ಅವರೂ ಬಸವರಾಜರ ಕಡೆಗೇ ನಿಲ್ಲುತ್ತಿದ್ದರೇನೋ. ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುತ್ತಿದ್ದ ಮಾಮ ಹರೆಯದಲ್ಲಿ ಪೈಲ್ವಾನರು. ಮಣ್ಣಿನ ಕುಸ್ತಿಯಲ್ಲಿ ತಿಕ್ಕಿ ತಿಕ್ಕಿ ಎರಡೂ ಕಿವಿ ಮುದುಡಿಹೋಗಿದ್ದವು. ಹಿಡಿಯದೆ, ಕೆಡವದೆ, ದೂರ ನಿಂತು ಗುದ್ದುವುದು ಅವರ ಲೆಕ್ಕದಲ್ಲಿ ಆಟವೇ ಅಲ್ಲ.

ಮದುವೆಯಾದ ಎರಡನೇ ವರ್ಷ ನಾನು ಗಂಡನ ಮನೆ ಬಿಟ್ಟು ಬಂದೆ. ಅವನು ಹೊಡೆಯುತ್ತಿದ್ದ. ತವರಿನಲ್ಲಿ ಹೊಂದಿಕೊಂಡು ಹೋಗು ಎಂದರು. ಮಾಮ ಮಾತ್ರ ಏನೂ ಕೇಳದೆ ಒಂದು ಕೋಣೆ ತೋರಿಸಿದರು. ನಾಚಿಕೆ ಒಂದು ಕಡೆ, ಸಿಟ್ಟು ಒಂದು ಕಡೆ. ಕೈಗೆ ಸಿಕ್ಕ ಪಾತ್ರೆ ಎತ್ತಿ ಕುಕ್ಕುತ್ತಿದ್ದೆ. ತಮ್ಮ ಹೆಂಡತಿ, ನನ್ನ ಅತ್ತೆಯ ಪಾತ್ರೆಗಳನ್ನು ಉಳಿಸುವ ಸಲುವಾಗಿ ಮಾಮ ಗೋಣಿಚೀಲಕ್ಕೆ ತೊಗರಿ ಹೊಟ್ಟು ತುಂಬಿ ಕೊಟ್ಟಿಗೆಯ ತೊಲೆಗೆ ಕಟ್ಟಿದರು.

"ಇದಕ್ಕ ಗುದ್ದು ಯವ್ವಾ. ಭಾಂಡಿ ಪಾಪ ಏನ್ ಮಾಡ್ಯಾವ?"

ಗುದ್ದಿದೆ. ಹೊಟ್ಟಿನ ಧೂಳು ಕಣ್ಣಿಗೆ, ಬಾಯಿಗೆ ತುಂಬುವ ಹಾಗೆ ಗುದ್ದಿದೆ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಚೀಲ ಬತ್ತಿ ಜೋತುಬಿದ್ದಿದೆ, ಕೆಳಗೆ ಎಮ್ಮೆ ನೆಮ್ಮದಿಯಿಂದ ಮೆಲುಕು ಹಾಕುತ್ತಿದೆ. ನನ್ನ ಗುದ್ದಿಗೆ ಹರಿದ ಕಡೆಯಿಂದ ಎಳೆದೆಳೆದು ಎಲ್ಲ ತಿಂದು ಮುಗಿಸಿತ್ತು. ಮೇವಿನ ಚೀಲವನ್ನು ಎಮ್ಮೆಯ ಬಾಯಿಯ ಎತ್ತರಕ್ಕೇ ಕಟ್ಟಿದ ತಮ್ಮ ಗಂಡನ ಬುದ್ಧಿಗೆ ಅತ್ತೆ ಸೆರಗು ಬಾಯಿಗಿಟ್ಟು ನಕ್ಕರು. ಆ ಮನೆಗೆ ಬಂದ ಮೇಲೆ ನಾನು ನಕ್ಕದ್ದೂ ಅವತ್ತೇ ಮೊದಲು. ಆಮೇಲೆ ಮಾಮ ಹರಿದ ಕೌದಿಗಳನ್ನು ತುರುಕಿ ಹೊಸ ಚೀಲ ಮಾಡಿದರು.

ಗುದ್ದುವುದನ್ನಾದರೂ ನೆಟ್ಟಗೆ ಕಲಿಯಲಿ ಎಂದು ಒಂದು ಸಂಜೆ ಟಿವಿಯಲ್ಲಿ ಬಾಕ್ಸಿಂಗ್ ಹಚ್ಚಿ ನನ್ನನ್ನು ಕೂರಿಸಿಕೊಂಡರು. ಶುರುವಿನಿಂದಲೂ ಅವರದು ಗೊಣಗಾಟ. "ಇದೇನ್ ಆಟ ಯವ್ವಾ? ಹಿಡ್ಕೊಂಡ್ರ ಬಿಡಸ್ತಾರ, ಬಿದ್ರ ಎಣಸ್ತಾರ!" ಅಷ್ಟರಲ್ಲಿ ಒಬ್ಬ ಬಿದ್ದ. ಹೊಡೆದವನನ್ನು ರೆಫರಿ ಮೂಲೆಗೆ ಕಳಿಸಿ, ಒಂದು, ಎರಡು ಎಂದು ಹತ್ತರವರೆಗೆ ಎಣಿಸತೊಡಗಿದ. ಎಣಿಕೆ ಮುಗಿಯುವುದರೊಳಗೆ ಬಿದ್ದವನು ಮೊಣಕಾಲೂರಿ, ಹಗ್ಗ ಹಿಡಿದು, ಎದ್ದು ನಿಂತ. ಮಾಮ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು.

"ಇದು ಖರೇನ ಛಲೋ ಅದ. ನಮ್ಮ ಕುಸ್ತ್ಯಾಗ ಬೆನ್ನು ಮಣ್ಣಿಗಿ ಹತ್ತಿದ್ರ ಮುಗೀತು. ಇಲ್ಲಿ ಬಿದ್ದವಗ ಏಳ್ಲಾಕ ಪುರಸೊತ್ತು ಕೊಡ್ತಾರ."

ಕೆಲವು ದಿನಗಳಾದ ಮೇಲೆ ಓಣಿಯ ಹಿರಿಯರೊಬ್ಬರು ಕಟ್ಟೆಯ ಮೇಲೆ ಕೂತು, ಒಳಗಿದ್ದ ನನಗೂ ಕೇಳುವಂತೆ, "ಹುಡುಗಿ ಬಾಳ್ವಿ ಮುಗದಂಗೇ ಏನ್ರಿ?" ಎಂದು ಮಾಮನನ್ನು ಕೇಳಿದರು. ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು.

"ಇನ್ನಾ ಎಣಸ್ಲಾಕತ್ತೀವಿ, ಮುಗದಿಲ್ರಿ" ಎಂದರು ಮಾಮ. "ಅಲ್ಲೀ ತನಕ ನೀವು ಮೂಲ್ಯಾಗ ನಿಂದ್ರಿ."

ಹಿರಿಯರಿಗೆ ಏನೂ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಅವತ್ತು ಒಂದು ರೊಟ್ಟಿ ಸುಟ್ಟು ಕರಕಲಾಯಿತು.

ಎಂಎಂಎಯನ್ನು ನಾನು ಬೈಯುತ್ತಿಲ್ಲ. ಅದಕ್ಕೂ ನಿಯಮವಿದೆ, ಅದಕ್ಕೂ ಎದೆಗಾರಿಕೆ ಬೇಕು. ಆದರೆ ಅಲ್ಲಿ ಬಿದ್ದವನ ಮೇಲೆ ಹತ್ತಿ ಕೂತು ಗುದ್ದಬಹುದು, ಜನ ಎದ್ದು ನಿಂತು ಕೂಗುತ್ತಾರೆ. ಮೇಲೆ ಕೂತವನ ಭಾರ ಎಷ್ಟು ಅಂತ ನನಗೆ ಗೊತ್ತಿದೆ. ಲೋಕದ ಮಂದಿಯೆಲ್ಲ ಒಂದಾಗಿ ಬಂದು ಅದೇ ಚೆಂದ ಎಂದರೂ ನಾನು ಒಪ್ಪುವವಳಲ್ಲ. ಅವರ ಇಷ್ಟ ಅವರಿಗೆ, ನನ್ನ ಮೈ ನನಗೆ.

ಸೋಮವಾರ ಸಂಜೆ ಬಸವರಾಜರ ಮೇಜಿನ ಮೇಲೆ ಶೆಡ್ಡಿನ ಕೀಲಿಕೈ ಇಟ್ಟೆ. "ನನಗ ಆಗಂಗಿಲ್ರಿ. ನಿಮ್ಮ ಮಾಸ್ತರನ್ನ ಕರಸ್ರಿ."

"ಯಾಕ್ ಹಟಾ ಮಾಡ್ತೀರಿ ಮೇಡಂ? ಈ ಬಾಕ್ಸಿಂಗ್ ಯಾರ್ ನೋಡ್ತಾರ?"

"ನೋಡ್ಲಿ ಅಂತ ಕಲಸ್ಲಾಕತ್ತಿಲ್ರಿ" ಅಂದೆ. ಈ ಸಲ ಫೋನು ತೆಗೆಯಲಿಲ್ಲ. ಯಾರ ಜಗತ್ತು ದೊಡ್ಡದು ಎಂಬ ವಾದ ನನ್ನ ಮಟ್ಟಿಗೆ ಅಲ್ಲಿಗೆ ಮುಗಿದಿತ್ತು.

ಹೊರಗೆ ಹುಡುಗಿಯರು ಕಾಯುತ್ತಿದ್ದರು. ಸವಿತಾ ಎಂಬವಳು ಹೋದ ತಿಂಗಳಷ್ಟೇ ಸೇರಿದವಳು, ಮಾತು ಕಡಿಮೆ. "ಕ್ಲಾಸ್ ಇಲ್ಲೇನ್ರಿ ಮೇಡಂ?" ಎಂದಳು. ಬೀಗ ಬಿದ್ದ ಶೆಡ್ಡಿನ ಬಾಗಿಲು ನೋಡಿದೆ. ಬಾಕ್ಸಿಂಗಿಗೆ ಬೇಕಾದದ್ದು ಎರಡು ಕಾಲು, ಎರಡು ಕೈ, ಒಂದಿಷ್ಟು ನೆಲ. ಅದು ಅಷ್ಟು ದೇಶ ತಿರುಗಿದ್ದೂ ಇದಕ್ಕೇ ಇರಬೇಕು. "ಅದ" ಅಂದೆ. "ಇಲ್ಲೇ ನಿಂದ್ರಿ. ಎಡಗಾಲು ಮುಂದ."

ಮಿಲ್ಲಿನ ಮುಂದಿನ ರಸ್ತೆಯ ಧೂಳಿನಲ್ಲಿ ಹುಡುಗಿಯರು ಎದುರು ಬದುರು ನಿಂತರು. ಹಮಾಲರು ಚೀಲ ಇಳಿಸಿ ನಿಂತರು. ಲಾರಿಯವನೊಬ್ಬ ಇಂಜಿನ್ನು ಬಂದ್ ಮಾಡಿ ಫೋನು ಎತ್ತಿ ಹಿಡಿದ. ಸವಿತಾಳ ಕೈ ತಾನಾಗಿ ವೇಲಿನ ಕಡೆ ಹೋಯಿತು.

ಬಸವರಾಜರು ಹೊರಗೆ ಬಂದರು. "ದಿನಾ ಇಲ್ಲೇ ಮಾಡ್ತೀರೇನ್ರಿ?"

"ರಸ್ತಾ ನಿಮ್ದಲ್ಲಲ್ರಿ" ಅಂದೆ. ಆಮೇಲೆ ಅವಳ ಕಡೆ ತಿರುಗಿದೆ. "ಸವಿತಾ, ಆ ಮಂದೀನ ನೋಡಬ್ಯಾಡ. ಎದುರಿಗಿದ್ದಾಕಿನ್ನ ನೋಡು. ಹೊಡಿ."

ಸವಿತಾ ವೇಲು ಬಿಚ್ಚಿ ಸೊಂಟಕ್ಕೆ ಬಿಗಿದಳು. ಹೊಡೆದಳು.