ಮೈದಾನದ ಎದುರು ಮನೆಯ ರಮಾಮಣಿ

ರಮಾಮಣಿಯ ಮನೆಗೆ ಹೋದರೆ ಏನನ್ನೂ ಹೊಗಳಬೇಡಿ, ಹೊಗಳಿದ ವಸ್ತು ನಿಮ್ಮ ಕಣ್ಣೆದುರಿಗೇ ಬೈಸಿಕೊಳ್ಳುತ್ತದೆ ಎಂದು ಆ ಬೀದಿಯವರು ಹೇಳುತ್ತಿದ್ದರು. ಪಕ್ಕದ ಮನೆಯ ಇಟಲಿ ಮೂಲದ ವಿಧವೆ ಕಾರ್ಮೆಲಾ ಒಮ್ಮೆ, "ನಿನ್ನ ಮಗಳು ಗೊಂಬೆ ಇದ್ದ ಹಾಗಿದ್ದಾಳೆ" ಎಂದದ್ದಕ್ಕೆ, "ಗೊಂಬೆ ಎಲ್ಲಿಂದ ಬಂತು, ಅನ್ನ ತಿನ್ನಲ್ಲ, ಸದಾ ಮೂಗು ಸುರಿಯುತ್ತೆ, ಹಟವೋ ಹಟ" ಎಂಬ ಉತ್ತರ ಬಂದಿತ್ತು. ಮಗಳು ಮಂಜರಿ ಪಕ್ಕದಲ್ಲೇ ನಿಂತು ಸೇಬು ಕಡಿಯುತ್ತಿದ್ದಳು. ಅವಳ ಮೂಗು ಒಣಗಿತ್ತು. ಫೋರ್ಟ್ ಲೀಯ ಎತ್ತರದ ಕಟ್ಟಡದಲ್ಲಿದ್ದ ಗೆಳತಿ ಅಲಮೇಲು ಭಾನುವಾರ ಊಟಕ್ಕೆ ಬಂದು ಚಿತ್ರಾನ್ನ ಚೆನ್ನಾಗಿದೆ ಎಂದರೆ, "ಅಯ್ಯೋ, ಒಗ್ಗರಣೆ ಸೀದುಹೋಗಿದೆ, ಏನೋ ಹಸಿವಿಗೆ ತಿಂತಿದ್ದೀರ" ಎನ್ನುವಳು. "ಈಕೆಗೆ ಸ್ವರ್ಗ ಬರೆದುಕೊಟ್ರೂ ಚರಂಡಿ ಸರಿಯಿಲ್ಲ ಅಂತಾಳೆ ನೋಡಿ" ಎಂದು ಅಲಮೇಲು ನಗುತ್ತಿದ್ದಳು.

ಅದು ಅತೃಪ್ತಿಯಲ್ಲ, ಭಯ. ಮೈಸೂರಿನ ಅಗ್ರಹಾರದಲ್ಲಿ ಅವಳನ್ನು ಸಾಕಿದ ಅಜ್ಜಿ ಹೇಳಿಕೊಟ್ಟದ್ದೇ ಹಾಗೆ. "ಇರೋದನ್ನ ಚೆನ್ನಾಗಿದೆ ಅಂತ ನಿನ್ನ ಬಾಯಲ್ಲಿ ಅನ್ನಬೇಡ ಕಣೇ. ಯಾರಾದ್ರೂ ಹೊಗಳಿದ್ರೆ ತಕ್ಷಣ ಒಂದು ಕೊಂಕು ಹೇಳಿಬಿಡು. ದೃಷ್ಟಿ ಆ ಕೊಂಕಿನ ಮೇಲೆ ಬಿದ್ದು ಹೋಗತ್ತೆ, ವಸ್ತು ಉಳಿಯತ್ತೆ." ಅಜ್ಜಿ ಹೋಗಿ ಎಷ್ಟೋ ಕಾಲವಾಗಿತ್ತು. ಅವಳ ಮಾತು ಮಾತ್ರ ಸೀರೆಗಳ ಜೊತೆಗೆ ವಿಮಾನ ಹತ್ತಿ ಬಂದಿತ್ತು.

ರಮಾಮಣಿಗೆ ಅತಿ ಪ್ರೀತಿಯದು ಯಾವುದು ಎಂದು ತಿಳಿಯಬೇಕಾದರೆ ಅವಳು ಯಾವುದನ್ನು ಅತಿ ಹೆಚ್ಚು ಬೈಯುತ್ತಾಳೆ ಎಂದು ಕೇಳಿದರೆ ಸಾಕಿತ್ತು. ಅದು ಆ ಮನೆ. ಹೋಬೋಕನ್ನಿನಿಂದ ಬಸ್ಸಿನಲ್ಲಿ ಸ್ವಲ್ಪ ದೂರದ ಒಂದು ಸಣ್ಣ ಊರಿನ ನಡುವೆ, ಅಕ್ಕಪಕ್ಕದ ಗೋಡೆಗೆ ಗೋಡೆ ಅಂಟಿಕೊಂಡು ನಿಂತ ಕಿರಿದಾದ ಇಟ್ಟಿಗೆ ಮನೆ. ಗಂಡ ಕೇಶವಮೂರ್ತಿ ನದಿಯಾಚೆ ಮ್ಯಾನ್‌ಹ್ಯಾಟನ್ನಿನಲ್ಲಿ ಇಂಜಿನಿಯರು. ೧೯೬೮ರಲ್ಲಿ ಈ ದೇಶಕ್ಕೆ ಬಂದವರು ಎರಡು ಬಾಡಿಗೆ ಮನೆ ಬದಲಿಸಿ ಇದನ್ನು ಕೊಂಡಿದ್ದರು. ಮೈಸೂರಿನಲ್ಲೂ ರಮಾಮಣಿ ಹುಟ್ಟಿ ಬೆಳೆದದ್ದು ಬಾಡಿಗೆ ಮನೆಗಳಲ್ಲೇ. ಗೋಡೆಗೆ ಮೊಳೆ ಹೊಡೆಯಲು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ ಎನ್ನುವುದು ಅವಳಿಗೆ ಮೊದಲ ಸಲ ಗೊತ್ತಾದದ್ದು ಈ ಮನೆಯಲ್ಲಿ. ಆ ಖುಷಿಗೆ ಬೇಕಿಲ್ಲದ ಕಡೆಯೆಲ್ಲ ಮೊಳೆ ಹೊಡೆದಿದ್ದಳು.

ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೇ ಬೇಸ್‌ಬಾಲ್ ಮೈದಾನದ ಕೆಂಪು ಗೋಡೆ. ಅದರ ಚರಿತ್ರೆಯನ್ನೆಲ್ಲ ಕಾರ್ಮೆಲಾ ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿ ಮುರಿಯುತ್ತ ಹೇಳಿದ್ದಳು. ಊರಿಗೆ ಊರೇ ಕೆಲಸವಿಲ್ಲದೆ ಕೂತಿದ್ದ ಮೂವತ್ತರ ದಶಕದಲ್ಲಿ ಸರ್ಕಾರ ಕೂಲಿ ಕೊಟ್ಟು ಕಟ್ಟಿಸಿದ್ದು. ಕಾರ್ಮೆಲಾಳ ಗಂಡ ಆಗಿನ್ನೂ ಮೀಸೆ ಮೂಡದ ಹುಡುಗ. ಆ ಗೋಡೆಗೆ ಇಟ್ಟಿಗೆ ಹೊತ್ತವನು. ಮುಂದೆ ಅದೇ ಗೋಡೆಯ ಮರೆಯಲ್ಲಿ ಕಾರ್ಮೆಲಾಳನ್ನು ನಿಲ್ಲಿಸಿ ಮದುವೆಯ ಮಾತೆತ್ತಿದವನು. ದೊಡ್ಡ ಲೀಗಿಗೆ ಹೋಗುವ ಮೊದಲು ಹುಡುಗರು ಪಳಗುತ್ತಾರಲ್ಲ, ಆ ಕೆಳಗಿನ ಲೀಗಿನ ತಂಡ ಇಲ್ಲಿ ಆಡುತ್ತಿತ್ತು. ಬೇಸಿಗೆಯ ಸಂಜೆಗಳಲ್ಲಿ ಊರಿನವರೆಲ್ಲ ಅಲ್ಲೇ. ಆಮೇಲೆ ಮನೆಮನೆಗೆ ಟೀವಿ ಬಂತು, ಕಾರು ಬಂತು, ಜನ ದೊಡ್ಡ ಊರಿನ ದೊಡ್ಡ ಆಟಕ್ಕೆ ಹೋದರು, ತಂಡ ಗಂಟು ಕಟ್ಟಿತು. ಕೆಲವು ವರ್ಷ ಹುಲ್ಲು ಬೆಳೆದು, ಎಪ್ಪತ್ತನಾಲ್ಕರಲ್ಲಿ ಇನ್ನೊಂದು ತಂಡ ಬಂದಾಗ ಕಾರ್ಮೆಲಾ ತನ್ನ ಮನೆಯಲ್ಲೇ ಮದುವೆ ಎನ್ನುವ ಹಾಗೆ ಬೀದಿಗೆಲ್ಲ ಬಾದಾಮಿ ಬಿಸ್ಕತ್ತು ಹಂಚಿದ್ದಳು.

ರಮಾಮಣಿಗೆ ಆಟದ ನಿಯಮ ಕೊನೆಯವರೆಗೂ ತಲೆಗೆ ಹತ್ತಲಿಲ್ಲ. ಆದರೆ ಸಾರಿಗೆ ಹುಳಿ ಬಿಡುತ್ತಲೇ ಗೋಡೆಯಾಚೆಯ ಸದ್ದಿನಿಂದ ಯಾರು ಗೆಲ್ಲುತ್ತಿದ್ದಾರೆ ಎಂದು ಹೇಳಬಲ್ಲಳು. ಜನ ಹುರುಪಿನಿಂದ ಕಾಲು ಬಡಿದಾಗ ಅವಳ ಗೂಡಿನ ಸ್ಟೀಲ್ ಲೋಟಗಳು ಕಿಣಿಕಿಣಿ ಎನ್ನುತ್ತಿದ್ದವು. "ರೀ, ನಮ್ಮವರು ಗೆದ್ರು ಅಂತ ಕಾಣತ್ತೆ" ಎಂದು ಗಂಡನಿಗೆ ಕೂಗುವಳು. ಆ ಕಿಣಿಕಿಣಿ ಅವಳಿಗೆ ಯಾರೋ ನೆಂಟರು ಬಾಗಿಲು ತಟ್ಟಿದ ಹಾಗೆ ಕೇಳುತ್ತಿತ್ತು.

ಎಪ್ಪತ್ತಾರರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಬೂದು ಸೂಟಿನವನೊಬ್ಬ ಬಾಗಿಲು ತಟ್ಟಿದ. ಪುರಸಭೆಯ ಕಡೆಯಿಂದ ಬೀದಿಯ ಮನೆಗಳನ್ನು ನೋಡಿಕೊಂಡು ಹೋಗಲು ಬಂದಿದ್ದೇನೆ ಎಂದ. ಬೆವರಿದ್ದ. ಮನೆಗೆ ಬಂದವನನ್ನು ಹೊರಗೆ ನಿಲ್ಲಿಸುವುದುಂಟೇ? ಕೂರಿಸಿ ನಿಂಬೆ ಪಾನಕ ಕೊಟ್ಟಳು, ಚಕ್ಕುಲಿ ಕೊಟ್ಟಳು. ಅವನು ಒಳ್ಳೆಯ ಮನುಷ್ಯನೇ. ಸುತ್ತ ನೋಡಿ, "ಎಷ್ಟು ಚೆಂದವಾಗಿ ಇಟ್ಟುಕೊಂಡಿದ್ದೀರಿ! ಗಟ್ಟಿಮುಟ್ಟಾದ ಮನೆ" ಎಂದ.

ರಮಾಮಣಿ ಕೈಯಲ್ಲಿದ್ದ ಚಕ್ಕುಲಿ ತಟ್ಟೆ ಕೆಳಗಿಟ್ಟಳು. ಗೊತ್ತಿಲ್ಲದವನು, ಹಸಿದು ಬಂದವನು, ಮನೆಯನ್ನೇ ನೋಡಿ ಹೊಗಳಿದ್ದಾನೆ.

"ಎಲ್ಲಿಯ ಗಟ್ಟಿ," ಎಂದಳು ತನ್ನ ಇಂಗ್ಲಿಷಿನಲ್ಲಿ. "ಹಳೇ ಮನೆ. ಚಾವಣಿ ಸೋರುತ್ತೆ."

"ಹೌದೇ? ನೋಡಿದರೆ ಗೊತ್ತೇ ಆಗುವುದಿಲ್ಲ. ಗೋಡೆಗಳು ಎಷ್ಟು ನೇರವಾಗಿವೆ."

"ಗೋಡೆಯಲ್ಲಿ ತೇವ. ಕೆಳಗಿನ ನೆಲಮಾಳಿಗೆಯಲ್ಲಿ ಇಲಿ."

"ಮೈದಾನ ಎದುರಿಗೇ ಇದೆ. ಬೇಸಿಗೆಯಲ್ಲಿ ಸೊಗಸಾಗಿರಬೇಕು."

ಮೈದಾನವನ್ನೂ ಹೊಗಳಿದನಲ್ಲ! "ಏನು ಸೊಗಸು, ಜನ ಕಾಲು ಬಡಿದರೆ ನನ್ನ ಪಾತ್ರೆಗಳೆಲ್ಲ ನಡುಗುತ್ತವೆ. ಯಾವತ್ತು ತಲೆ ಮೇಲೆ ಬೀಳುತ್ತೋ" ಎಂದುಬಿಟ್ಟಳು. ಆತ ತಲೆಯಾಡಿಸುತ್ತ ಬರೆದುಕೊಂಡ. ಚಕ್ಕುಲಿಗೆ ಎರಡು ಸಲ ಥ್ಯಾಂಕ್ಸ್ ಹೇಳಿ ಹೋದ. ಮನೆಯನ್ನು ಕೆಟ್ಟ ಕಣ್ಣಿನಿಂದ ಉಳಿಸಿಕೊಂಡೆ ಎಂದು ರಮಾಮಣಿ ನಿಟ್ಟುಸಿರು ಬಿಟ್ಟು, ಇರಲಿ ಎಂದು ಹೊಸ್ತಿಲಿಗೆ ಉಪ್ಪು ನಿವಾಳಿಸಿ ಎಸೆದಳು.

ಶರತ್ಕಾಲಕ್ಕೆ ಸುದ್ದಿ ಬಂತು. ಮೈದಾನ ಕೆಡವಿ ಕಚೇರಿ ಕಟ್ಟಡ ಕಟ್ಟುತ್ತಾರಂತೆ, ಈ ಬೀದಿಯ ಸಾಲು ಮನೆಗಳ ಜಾಗದಲ್ಲಿ ಕಾರು ನಿಲ್ಲಿಸುತ್ತಾರಂತೆ, ಬೇಡ ಎನ್ನುವವರು ಟೌನ್ ಹಾಲಿನ ಸಭೆಗೆ ಬಂದು ಹೇಳಬಹುದಂತೆ. ಬೀದಿಗೆ ಬೀದಿಯೇ ಹೊರಟಿತು. ಕಾರ್ಮೆಲಾ ಚರ್ಚಿಗೆ ಹೋಗುವ ಕರಿ ಟೋಪಿ ಹಾಕಿಕೊಂಡು ರಮಾಮಣಿಯ ಪಕ್ಕದಲ್ಲೇ ಕೂತಳು. "ಹೆದರಬೇಡ ಮಗಳೇ. ನಮ್ಮ ಮನೆಗಳು ಕಲ್ಲಿನಂಥವು. ಅವರ ಹತ್ತಿರ ಏನಿದೆ ಹೇಳೋದಕ್ಕೆ?"

ಬೂದು ಸೂಟಿನವನು ಎದ್ದು ನಿಂತ. ಮೈದಾನದ ಕಟ್ಟಡ ಅಪಾಯಕಾರಿಯಾಗಿದೆ, ಎದುರಿನ ಮನೆಗಳು ವಾಸಕ್ಕೆ ತಕ್ಕವಲ್ಲ ಎಂದ. ಜನ ಗೊಣಗಿದರು. ಆತ ಶಾಂತವಾಗಿಯೇ, ಇದು ನನ್ನ ಮಾತಲ್ಲ, ಅಲ್ಲೇ ವಾಸವಾಗಿರುವ ಗೃಹಿಣಿಯೊಬ್ಬರ ಮಾತು ಎಂದು ಓದತೊಡಗಿದ. ಚಾವಣಿ ಸೋರುತ್ತದೆ. ಗೋಡೆಗಳಲ್ಲಿ ತೇವವಿದೆ. ನೆಲಮಾಳಿಗೆಯಲ್ಲಿ ಇಲಿಗಳಿವೆ. ಪ್ರೇಕ್ಷಕರು ಕಾಲು ಬಡಿದಾಗ ಎದುರು ಮನೆಯ ಪಾತ್ರೆಗಳು ನಡುಗುತ್ತವೆ, ಕಟ್ಟಡ ಯಾವಾಗ ತಲೆಯ ಮೇಲೆ ಬೀಳುವುದೋ ಎಂಬ ಭಯದಲ್ಲಿ ಜನ ಬದುಕುತ್ತಿದ್ದಾರೆ.

ಮಂಜರಿ ತಾಯಿಯ ಸೆರಗು ಜಗ್ಗಿ ಪಿಸುಗುಟ್ಟಿದಳು. "ಮಾಮ್, ದಟ್ಸ್ ಯೂ."

ರಮಾಮಣಿಗೆ ಸಭೆಯ ದೀಪಗಳೆಲ್ಲ ತನ್ನೊಬ್ಬಳ ಮುಖಕ್ಕೇ ತಿರುಗಿದಂತಾಯಿತು. ಪಕ್ಕದಲ್ಲಿ ಕಾರ್ಮೆಲಾಳ ತೋಳು ತನ್ನ ತೋಳಿಗೆ ತಾಗಿಕೊಂಡಿತ್ತು. ಅದು ನಿಧಾನವಾಗಿ ದೂರ ಸರಿಯಿತು.

ಹೇಗೆ ಎದ್ದು ನಿಂತಳೋ ಅವಳಿಗೇ ತಿಳಿಯದು. "ಅದು ನಾನು ಹೇಳಿದ್ದು. ನಿಜ ಅಲ್ಲ. ನನ್ನ ಮನೆ ಸೋರಲ್ಲ. ಇಲಿ ಇಲ್ಲ. ನನ್ನ ಮನೆ..." ಎಂದು ನಿಲ್ಲಿಸಿದಳು. ಮುಂದಿನ ಮಾತನ್ನು ಹುಟ್ಟಿದಾರಭ್ಯ ಅವಳು ಆಡಿರಲಿಲ್ಲ. "ನನ್ನ ಮನೆ ತುಂಬಾ ಚೆನ್ನಾಗಿದೆ. ಇಷ್ಟು ಚೆನ್ನಾಗಿರೋ ಮನೇಲಿ ನಾನು ಹಿಂದೆ ಯಾವತ್ತೂ ಇರಲಿಲ್ಲ."

ಅಧ್ಯಕ್ಷ ಕನ್ನಡಕದ ಮೇಲಿಂದ ನೋಡಿದ. "ತಾಯಿ, ಅವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳುತ್ತಿರುವುದು ಸುಳ್ಳೋ?"

ಯಾರೋ ನಕ್ಕರು. ಅವರು ಹೊಗಳಿದರು, ಹೊಗಳಿದರೆ ಹಾಗೆ ಹೇಳಬೇಕು, ನಮ್ಮಲ್ಲಿ ಹಾಗೆ ಎಂದು ಏನೇನೋ ಹೇಳಿದಳು. ಹೇಳಿದಷ್ಟೂ ಅದು ಅವಳ ಕಿವಿಗೇ ಹುಚ್ಚು ಮಾತಿನ ಹಾಗೆ ಕೇಳಿಸಿತು. ಬೂದು ಸೂಟಿನವನು ನಿಜವಾಗಿಯೂ ದಿಗಿಲುಗೊಂಡು ಅವಳನ್ನೇ ನೋಡುತ್ತಿದ್ದ. ಕೇಶವಮೂರ್ತಿ ಎದ್ದು ಗೋಡೆಗಳ ಗಟ್ಟಿತನದ ಬಗ್ಗೆ ನಾಲ್ಕು ಮಾತಾಡಿದ. ಮನೆಯ ಯಜಮಾನ ಮತ್ತೇನು ಹೇಳುತ್ತಾನೆ ಎಂಬಂತೆ ಎಲ್ಲರೂ ಕೇಳಿಸಿಕೊಂಡರು. ಆಮೇಲೆ ಸದಸ್ಯರು ಕೈ ಎತ್ತಿದರು, ಎಣಿಸಿದರು, ಕೆಡವುವುದೆಂದು ಮುಗಿಯಿತು.

ಹೊರಗೆ ಮೆಟ್ಟಿಲಿಳಿಯುವಾಗ ರಮಾಮಣಿ ಕಾರ್ಮೆಲಾಳ ಕೈ ಹಿಡಿದಳು. "ಕಣ್ಣು ಬೀಳಬಾರದು ಅಂತ ಹೇಳಿದೆ ಕಾರ್ಮೆಲಾ. ಮನೆ ಉಳೀಲಿ ಅಂತ."

"ಕಣ್ಣಿನ ವಿಷಯ ನನಗೆ ಹೇಳ್ತೀಯಾ? ನಮ್ಮಜ್ಜಿ ಊರಲ್ಲಿ ಹಸುವಿಗೂ ಕಣ್ಣು ಬೀಳುತ್ತಿತ್ತು" ಎಂದಳು ಕಾರ್ಮೆಲಾ. ಕುತ್ತಿಗೆಯ ಸರದಲ್ಲಿದ್ದ ಹವಳದ ಪುಟ್ಟ ಕೊಂಬನ್ನು ಎಳೆದು ತೋರಿಸಿದಳು. "ನಾವು ಇದನ್ನ ಹಾಕ್ಕೋತೀವಿ. ಬಾಯಿ ಮುಚ್ಕೋತೀವಿ." ಕೈ ಬಿಡಿಸಿಕೊಂಡು ಹೋದಳು. ಸ್ವಲ್ಪ ದೂರ ಹೋಗಿ ತಿರುಗಿ, "ಬಯ್ಯೋದಾದ್ರೆ ನನ್ನ ಹತ್ತಿರ ಬಯ್ಯಬೇಕಿತ್ತು. ಪೆನ್ನು ಹಿಡಿದವನ ಹತ್ತಿರ ಯಾರಾದ್ರೂ ಬಯ್ತಾರಾ?" ಎಂದಳು. ಆಮೇಲೆ ಬೀದಿಯಲ್ಲಿ ಕಂಡಾಗ ತಲೆಯಾಡಿಸುವಳು, ಮಾತಿಲ್ಲ.

ಕೇಶವಮೂರ್ತಿ ಸಮಾಧಾನ ಹೇಳಿದ. "ಅವರು ಮೊದಲೇ ತೀರ್ಮಾನ ಮಾಡಿದ್ರು ಕಣೇ. ಹೇಳೋಕೆ ಒಂದು ಬಾಯಿ ಬೇಕಿತ್ತು ಅಷ್ಟೆ."

"ಆ ಬಾಯಿ ನಂದೇ ಆಗಬೇಕಿತ್ತಾ?" ಎಂದಳು. ಅಂದಿನಿಂದ ಮನೆಗೆ ಬಂದವರು ಏನು ಹೊಗಳಿದರೂ ರಮಾಮಣಿ ತುಟಿ ಬಿಚ್ಚಲಿಲ್ಲ. ಅಲಮೇಲುವಿಗೆ ಅದನ್ನು ನೋಡಿ ಗಾಬರಿಯಾಗಿ, "ಒಂದು ಸಲ ಬೈದುಬಿಡ್ರೀ, ಹೀಗೆ ಸುಮ್ಮನಿದ್ರೆ ನನಗೆ ಭಯ ಆಗತ್ತೆ" ಎಂದಳು.

ವಸಂತದಲ್ಲಿ ಕ್ರೇನು ಬಂತು. ಉಕ್ಕಿನ ಹಗ್ಗದ ತುದಿಗೆ ಕಬ್ಬಿಣದ ಗುಂಡು ಕಟ್ಟಿ ಮೈದಾನದ ಗೋಡೆಗೆ ಬೀಸಿ ಹೊಡೆದರು. ತಲೆ ಮೇಲೆ ಬೀಳಲಿದ್ದ ಕಟ್ಟಡ! ಬೆಳಗಿನಿಂದ ಹೊಡೆದರೂ ಒಂದು ಮೂಲೆ ಬಿಟ್ಟು ಅಲುಗಲಿಲ್ಲ. ಬೀದಿಯವರು ಫುಟ್‌ಪಾತಿನಲ್ಲಿ ಬಾಯಿಬಿಟ್ಟು ನಿಂತರು. ಕ್ರೇನಿನವನು ಇಳಿದು ಬಂದು ಬೆವರೊರೆಸಿಕೊಂಡು, "ಇದನ್ನ ಯಾರು ಕಟ್ಟಿದ್ದಪ್ಪಾ, ನಮ್ಮ ಜೀವ ತೆಗೆಯೋಕೆ?" ಎಂದ. ಕಾರ್ಮೆಲಾ ಅವನ ಮುಖ ನೋಡಿದಳು, ಒಳಗೆ ಹೋಗಿ ಕಿಟಕಿಯ ಪರದೆ ಎಳೆದಳು. ಆ ವಾರವೇ ಅವಳ ಮಗ ಬಂದು ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದ. ರಮಾಮಣಿ ಬಾಗಿಲಿಗೆ ಓಡಿ ಬರುವಷ್ಟರಲ್ಲಿ ಕಾರು ತಿರುವು ದಾಟಿತ್ತು.

ರಮಾಮಣಿಯ ಮನೆಯವರು ಹೊರಡುವ ದಿನವೂ ಬಂತು. ವೆಸ್ಟ್ ವಿಂಡ್ಸರಿನ ಕಡೆ ಹೊಸ ಮನೆ ಸಿಕ್ಕಿತ್ತು. ಸಾಮಾನು ಲಾರಿಗೆ ಹೋಗಿತ್ತು, ಕೇಶವಮೂರ್ತಿ ಮತ್ತು ಮಂಜರಿ ಕಾರಿನಲ್ಲಿ ಕೂತಿದ್ದರು. ರಮಾಮಣಿ ಖಾಲಿ ಕೋಣೆಗಳನ್ನು ಗುಡಿಸಿ, ಅಡುಗೆಮನೆಯ ನೆಲ ಒರೆಸಿ, ಬಾಗಿಲು ಎಳೆದುಕೊಂಡು ಬೀಗದ ಕೈ ತೆಗೆದಳು.

ಎದುರಿನ ಇಟ್ಟಿಗೆ ರಾಶಿಯ ಹತ್ತಿರ ನಿಂತಿದ್ದ ಕೆಲಸಗಾರನೊಬ್ಬ ಕೂಗಿದ. "ಮೇಡಮ್, ಬೀಗ ಹಾಕಬೇಡಿ. ತೆರೆದೇ ಬಿಡಿ. ಸೋಮವಾರ ನಾವು ಹೇಗೂ ಮುರಿಯಬೇಕು."

ಅವಳು ಅವನನ್ನು ನೋಡಿದಳು, ಕೈಯಲ್ಲಿದ್ದ ಬೀಗದ ಕೈ ನೋಡಿದಳು. ಆಗಷ್ಟೇ ಒರೆಸಿದ ನೆಲ ಒಳಗೆ ಇನ್ನೂ ಒದ್ದೆಯಾಗಿಯೇ ಇತ್ತು. ಹಿಡಿಕೆಯನ್ನು ಹಿಂದಕ್ಕೆ ತಳ್ಳಿದಳು. ಬಾಗಿಲು ಹೊಸದರಂತೆ ಸದ್ದಿಲ್ಲದೆ ಪೂರ್ತಿ ತೆರೆದುಕೊಂಡಿತು. ಗಾಳಿಗೆ ಮುಚ್ಚದಿರಲೆಂದು ಒಂದು ಇಟ್ಟಿಗೆಯನ್ನು ತಾನೇ ತಂದು ಅದಕ್ಕೆ ಆನಿಸಿ, ಮೆಟ್ಟಿಲಿಳಿದು ಕಾರಿನ ಕಡೆ ನಡೆದಳು.