ಬಲಗೈಗೆ ಬಂದ ದೀಪ

ಹೊಳೆನರಸೀಪುರದ ನಮ್ಮ ಸರ್ಕಲ್ಲಿನಲ್ಲಿ ಲೈಟು ಹಿಡಿದು ನಿಂತಿರುವ ಪ್ರತಿಮೆ ನನ್ನ ಗೆಳೆಯನದು. ಗಾಳಿಗೆ ಆರದ ಗ್ಯಾಸ್‌ಲೈಟು ಕಂಡುಹಿಡಿದವನು ಅವನು. ಗೊರೂರಿನ ಹಿನ್ನೀರಿನಲ್ಲಿ ಮೀನು ಹಿಡಿಯುವವರು ಬೇರೆ ಲೈಟು ಮುಟ್ಟುತ್ತಿರಲಿಲ್ಲ. ಯೋಚನೆ ಅವನದು, ತಗಡು ಕತ್ತರಿಸಿ ಬೆಸುಗೆ ಹಾಕುತ್ತಿದ್ದದ್ದು ನಾನು. ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನು, ನಿಜ. ಆದರೆ ನಾನು ಹಾಕಿದ ಬೆಸುಗೆ ಸೋರಿತು ಅಂತ ಯಾರೂ ವಾಪಸ್ ತಂದದ್ದಿಲ್ಲ.

ಅವನು ಎಡಚ. ಲೈಟಿನ ಪಂಪು, ತಿರುಪು ಎರಡನ್ನೂ ಎಡಗಡೆ ಇಟ್ಟದ್ದು ಅದಕ್ಕೇ. ನಮ್ಮ ಅಂಗಡಿಯಲ್ಲಿ ಮೇಜಿನ ಆಚೆ ಅವನು, ಈಚೆ ನಾನು. ಅವನ ಎಡಗೈ, ನನ್ನ ಬಲಗೈ ಒಂದೇ ಕಡೆ ಬರುತ್ತಿದ್ದರಿಂದ ಇಬ್ಬರಿಗೂ ಒಂದೇ ಸಾಮಾನಿನ ಡಬ್ಬಿ ಸಾಕಾಗುತ್ತಿತ್ತು. ಅವನು ತೀರಿಕೊಂಡ ಮೇಲೆ ಆ ಕಡೆಯ ಸ್ಟೂಲಿನ ಮೇಲೆ ತಗಡಿನ ಚೂರು ಪೇರಿಸಿದ್ದೇನೆ. ಖಾಲಿ ಇದ್ದರೆ ನೋಡಲಾಗುವುದಿಲ್ಲ.

ಪ್ರತಿಮೆಗೆ ಹಾಸನದಲ್ಲಿ ಮಣ್ಣಿನ ಅಚ್ಚು ಮಾಡುತ್ತಿದ್ದಾಗ ಹೋಗಿ ನೋಡಿದೆ. ಲೈಟು ಬಲಗೈಯಲ್ಲಿತ್ತು.

"ಅವ್ನು ಎಡಚ ಕಣ್ ಸಾ. ಬಲಗೈಲಿ ಲೈಟ್ ಎತ್ತುದ್ದೇ ಇಲ್ಲ," ಅಂದೆ.

ಪ್ರತಿಮೆ ಸಮಿತಿಯ ಯಜಮಾನರು ನಕ್ಕರು. "ದೀಪನ ಎಡಗೈಲಿ ಇಡುಸ್ತೀಯೇನಯ್ಯಾ? ನೋಡ್ದೋರು ಉಗೀತಾರೆ, ಓಗು."

ಗೆಳೆಯನ ಹೆಂಡತಿ ಹೇಳಿದರೆ ಕೇಳಿಯಾರು ಎಂದು ಅವರ ಮನೆಗೆ ಹೋದೆ. ಆಕೆ ಸೌಟು ಹಿಡಿದೇ ಬಾಗಿಲಿಗೆ ಬಂದರು.

"ಬಲಗೈಲೇ ಇರ್ಲಿ ಅಂತ ಏಳ್ದೋಳೇ ನಾನು ಕಣಣ್ಣ. ಧಾರೆ ಒತ್ನಲ್ಲೂ 'ಎಡಚ, ಎಡಚ' ಅಂತ ಆಡ್ಕಂಡು ನಗಾಡುದ್ರು. ಸರ್ಕಲ್ಲಲ್ಲಿ ನಿಂತ್ಮೇಲೂ ಅನ್ನುಸ್ಕಬೇಕಾ ಅವ್ರು?"

ಯಾರನ್ನೂ ಅಂಗಲಾಚಿ ನನಗೆ ಅಭ್ಯಾಸವಿಲ್ಲ. ಬಾಗಿಲಿಂದಲೇ ವಾಪಸ್ ಬಂದೆ.

ಪರದೆ ಸರಿಸಿದ ದಿನ ಆಕೆ ಜನರನ್ನು ದಾಟಿಕೊಂಡು ನನ್ನ ಪಕ್ಕ ಬಂದು ನಿಂತರು. ಬಹಳ ಹೊತ್ತು ಪ್ರತಿಮೆಯನ್ನೇ ನೋಡಿದರು. ಆಮೇಲೆ ಮೆತ್ತಗೆ, "ಅಣ್ಣ, ಯಾರೋ ಬ್ಯಾರೇರ ತರ ಕಾಣ್ತಾರಲ್ವಾ?" ಅಂದರು.

ಅವತ್ತೇ ಬಡಿದುಕೊಂಡೆನಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೌದು ಅಂದಿದ್ದರೆ ಸಾಕಿತ್ತು, ಅವನು ಹೇಗಿದ್ದನೋ ಹಾಗೇ ನೆನೆಯುವವರು ನನ್ನ ಜೊತೆಗೆ ಇನ್ನೊಬ್ಬರು ಇರುತ್ತಿದ್ದರು. ಆದರೆ ಆಕೆಯ ತುಟಿ ನಡುಗುತ್ತಿತ್ತು.

"ಇಲ್ಲ ಕಣವ್ವ, ಅವ್ನೇ. ಅಂಗೇ ಅವ್ನೆ," ಅಂದೆ.

ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೆಂಗಸರು ಕೂತಿದ್ದ ಕಡೆ ಹೋದರು. ಮೈಕಿನಲ್ಲಿ ಭಾಷಣ ಶುರುವಾಯಿತು. ನಾನು ಅಂಗಡಿಯ ಬಾಗಿಲು ತೆಗೆಯಲು ಹೊರಟೆ.